ಬೇಸಿಗೆಯಲ್ಲಿ ಕಾಣುವ ಬಾವಿ

ಶಿವಮೊಗ್ಗ
3 ಆಗಸ್ಟ್ 2025

ಚಿರಂಜೀವಿ ಪುಟ್ಟಿಗೆ,

ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಮಳೆ ಹಿಡಿದ ಮೇಲೆ ನಿನ್ನ ಅಪ್ಪನ ಮಂಡಿನೋವು ಹೆಚ್ಚಾಗಿದೆ, ಆದರೂ ಗದ್ದೆಗೆ ಹೋಗುವುದನ್ನು ನಿಲ್ಲಿಸಿಲ್ಲ. ನೆಟ್ಟಿ ಮುಗಿಯಿತು.

ಜೂನ್ 11ರಂದು ಕೇಂದ್ರ ಲೋಕಸೇವಾ ಆಯೋಗದ ಐಎಎಸ್ ಪರೀಕ್ಷೆಯ ಮೊದಲ ಹಂತ, ಪ್ರಿಲಿಮ್ಸ್‌ನ ಫಲಿತಾಂಶ ಬಂದ ಮೇಲೆ ನೀನು ಫೋನ್ ಮಾಡಿ, “ಅತ್ತೆ, ಇನ್ನೊಂದು ಸಲ ಬರೆಯಲೇ?” ಎಂದು ಕೇಳಿದೆ. ನಾನು “ಮೊದಲು ಊಟ ಮಾಡು” ಎಂದೆ. ನಿನ್ನ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಏಳು ವಾರಗಳಿಂದ ಆ ಪ್ರಶ್ನೆಯನ್ನು ಹೊತ್ತುಕೊಂಡೇ ಓಡಾಡುತ್ತಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಅಳುತ್ತೀಯೆ, ನನ್ನ ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ಅದಕ್ಕೇ ಈ ಪತ್ರ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬರೆಯಬೇಡ, ಬಿಟ್ಟುಬಿಡು. ಹೀಗೆ ಹೇಳುವ ಧೈರ್ಯ ನನಗೆ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ನಿನ್ನ ಅಜ್ಜನ ಕಥೆ ಕೇಳಬೇಕು. ನಿನಗೆ ಗೊತ್ತಿರುವ ಕಥೆಯೇ ಅದು. ಆದರೆ ನಮ್ಮ ಮನೆಯಲ್ಲಿ ಅದರ ಅರ್ಧವನ್ನಷ್ಟೇ ಹೇಳುತ್ತಾರೆ.

ಹೇಳುವ ಅರ್ಧ ಮುಳುಗಡೆಯದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ನಾವು ಊರು ಬಿಟ್ಟೆವು. ನನಗೆ ಆಗ ಹತ್ತು ವರ್ಷ. ಲಾರಿ ನಮ್ಮನ್ನು ಶಿವಮೊಗ್ಗದ ಕಡೆಯ ಕಾಡಂಚಿನಲ್ಲಿ ಇಳಿಸಿ ಹೊರಟುಹೋಯಿತು. ನಮ್ಮ ಗದ್ದೆಯ ಮೇಲೆ ನಿಂತ ನೀರಿನಿಂದ ಮುಂದೆ ಶರಾವತಿ ವಿದ್ಯುದಾಗಾರದಲ್ಲಿ ಸಾವಿರ ಮೆಗಾವಾಟಿಗೂ ಹೆಚ್ಚು ವಿದ್ಯುತ್ ತಯಾರಾಯಿತು. ನಮ್ಮ ಗುಡಿಸಲಿನಲ್ಲಿ ಉರಿಯುತ್ತಿದ್ದದ್ದು ಸೀಮೆಎಣ್ಣೆಯ ಬುಡ್ಡಿ. ಇದನ್ನು ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು. ಅದು ಅನ್ಯಾಯ. ಆ ಕಾಡುಭೂಮಿಗೆ ಅರವತ್ತು ವರ್ಷವಾದರೂ ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿಲ್ಲ ಎನ್ನುವುದು ಇನ್ನೂ ದೊಡ್ಡ ಅನ್ಯಾಯ.

ಹೇಳದ ಅರ್ಧ ಇಲ್ಲಿಂದ ಶುರುವಾಗುತ್ತದೆ. ನನ್ನ ಅಪ್ಪ, ನಿನ್ನ ಅಜ್ಜ, ಹಳೆಯ ಮನೆಯನ್ನು ಬಿಚ್ಚಿ ಲಾರಿಯಲ್ಲಿ ಹಾಕಿಸಿದ್ದರು. ತೊಲೆಗಳು, ಹಂಚು, ಒರಳುಕಲ್ಲು, ಜೊತೆಗೆ ಪ್ರಧಾನ ಬಾಗಿಲಿನ ದಾರಂದ. ನಾಲ್ಕು ಆಳು ಹೊರುವಷ್ಟು ಭಾರದ ದಾರಂದ ಅದು. ಅಜ್ಜನ ಅಜ್ಜ ಕೆತ್ತಿಸಿದ್ದಂತೆ, ಮೇಲ್ಗಡೆ ಬಳ್ಳಿಯ ನಡುವೆ ಎರಡು ಗಿಳಿಗಳಿದ್ದವು. ಅದಕ್ಕೆ ಹೊಂದುವ ಮನೆ ಕಟ್ಟುವ ತನಕ ಬೇರೆ ಮನೆ ಕಟ್ಟುವುದಿಲ್ಲ ಎಂದು ಅಪ್ಪ ನಿಶ್ಚಯಿಸಿದರು. ಅಷ್ಟು ದೊಡ್ಡ ಬಾಗಿಲಿಗೆ ಎಷ್ಟು ದೊಡ್ಡ ಗೋಡೆ ಬೇಕು, ಆ ಗೋಡೆಗೆ ಎಷ್ಟು ದುಡ್ಡು ಬೇಕು ಎಂದು ಅವರಿಗೆ ತಿಳಿಯದೆ ಇರಲಿಲ್ಲ. ದಾರಂದವನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟರು. ನಾವು ಸೋಗೆಯ ಮಾಡಿನ ಕೆಳಗೆ ಒಂಬತ್ತು ಮಳೆಗಾಲ ಕಳೆದೆವು. ನಿನ್ನ ಅಪ್ಪ ಹುಟ್ಟಿದ್ದು ಅದೇ ಗುಡಿಸಲಿನಲ್ಲಿ, 1965ರಲ್ಲಿ. ಎಳೆಗೂಸಿನ ಮೇಲೆ ನೀರು ಬೀಳದ ಜಾಗ ಹುಡುಕುತ್ತ ಅಮ್ಮ ರಾತ್ರಿಯಿಡೀ ತೊಟ್ಟಿಲನ್ನು ಆಚೆ ಈಚೆ ಎಳೆಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ದಾರಂದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅಪ್ಪ ಪ್ರತಿ ಬೇಸಿಗೆ ಹಿನ್ನೀರಿಗೆ ಹೋಗುತ್ತಿದ್ದರು.

ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಮಳೆಗಾಲದಲ್ಲಿ ತುಂಬಿದ ನೀರನ್ನು ವಿದ್ಯುತ್ತಿಗಾಗಿ ಹರಿಸುತ್ತ ಹರಿಸುತ್ತ ಮೇ ತಿಂಗಳ ಹೊತ್ತಿಗೆ ಅದು ಬಹಳ ಕೆಳಗೆ ಇಳಿದಿರುತ್ತದೆ. ಆಗ ಮುಳುಗಿದ್ದು ಒಂದೊಂದಾಗಿ ಮೇಲೆ ಬರುತ್ತದೆ. ಕಪ್ಪಾದ ಮರದ ಬೊಡ್ಡೆಗಳು, ಬಿರುಕು ಬಿಟ್ಟ ಗದ್ದೆಯ ಬದು, ಗಾಡಿದಾರಿ. ತೀರ ಇಳಿದ ವರ್ಷ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಕಾಣುತ್ತದೆ. 1948ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಯಿತು. ಈಗ ಜನ ಅದನ್ನು ನೋಡಲೆಂದೇ ಹೋಗುತ್ತಾರೆ. ಅಪ್ಪನಿಗೆ ಅಣೆಕಟ್ಟು ಬೇಕಿರಲಿಲ್ಲ, ಅವರು ಹುಡುಕುತ್ತಿದ್ದದ್ದು ನಮ್ಮ ಬಾವಿಯ ಕಟ್ಟೆಯನ್ನು. ಕೆಲವು ವರ್ಷ ಅದು ಪೂರ್ತಿ ಕಾಣುತ್ತಿತ್ತು, ಕೆಲವು ವರ್ಷ ಒಂದು ಅಂಚು ಮಾತ್ರ, ಕೆಲವು ವರ್ಷ ಏನೂ ಇಲ್ಲ. ಕಂಡ ವರ್ಷ ಅಲ್ಲೇ ಕುಳಿತು ಬುತ್ತಿ ಬಿಚ್ಚಿ ಉಂಡು, ಒಂದು ಹಂಚಿನ ಚೂರನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ಕಾಣದ ವರ್ಷ ಮನೆಗೆ ಬಂದು ಯಾರೊಡನೆಯೂ ಮಾತನಾಡುತ್ತಿರಲಿಲ್ಲ.

ಸಂಕ್ರಾಂತಿ ಕಳೆಯಿತೆಂದರೆ ಹೋಟೆಲಿನಲ್ಲಿದ್ದ ಪತ್ರಿಕೆಯನ್ನು ನನ್ನಿಂದ ಓದಿಸುತ್ತಿದ್ದರು. ಬೇರೆ ಸುದ್ದಿ ಬೇಡ, ಜಲಾಶಯದ ಮಟ್ಟ ಮಾತ್ರ. ಗರಿಷ್ಠದಿಂದ ಇಂದಿನದನ್ನು ಕಳೆದು ಎಷ್ಟು ಅಡಿ ಇಳಿದಿದೆ ಎಂದು ನಾನು ಹೇಳಬೇಕಿತ್ತು. ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ನಾನು ನಾಲ್ಕಂಕಿಯ ಕಳೆಯುವ ಲೆಕ್ಕವನ್ನು ಕಲಿತದ್ದು ಹೀಗೆ.

ಪುಟ್ಟಿ, ಮೇ ತಿಂಗಳು ರೈತನಿಗೆ ಎಂಥ ತಿಂಗಳೆಂದು ನಿನಗೆ ಗೊತ್ತು. ಕೃತ್ತಿಕಾ ಮಳೆಗೆ ಉತ್ತು, ರೋಹಿಣಿ ಮಳೆಗೆ ಮಣ್ಣು ಹದ ಮಾಡಿ, ಅಗೆ ಹಾಕಲು ಸಿದ್ಧವಾಗಬೇಕು. ಕಾಡು ಕಡಿದು ಹೊಸದಾಗಿ ಮಾಡಿದ ಗದ್ದೆಗಂತೂ ಎರಡರಷ್ಟು ಕೆಲಸ. ಅದೇ ಹದಿನೈದು ಇಪ್ಪತ್ತು ದಿನ ಅಪ್ಪ ಮನೆಯಲ್ಲಿ ಇರುತ್ತಿರಲಿಲ್ಲ. ಅಮ್ಮ ಎತ್ತು ಕೇಳಿಕೊಂಡು ಮನೆ ಮನೆ ತಿರುಗುತ್ತಿದ್ದಳು. ಎಲ್ಲರ ನೆಟ್ಟಿ ಮುಗಿದ ಮೇಲೆ ನಮ್ಮದು. ನಮ್ಮ ಜೊತೆಗೇ ಬಂದವರ ಗದ್ದೆಯಲ್ಲಿ ಐದಾರು ವರ್ಷಕ್ಕೆ ಒಳ್ಳೆಯ ಬೆಳೆ ಬಂತು. ನಮ್ಮ ಗದ್ದೆಯ ಅರ್ಧ ಪಾಲು ಹನ್ನೆರಡನೆಯ ವರ್ಷಕ್ಕೂ ಪೊದೆಯೇ ಆಗಿತ್ತು. ಕಳೆದುಹೋದ ನೆಲ ಅಪ್ಪನನ್ನು ದುಃಖಕ್ಕೆ ಎಳೆಯಿತು ಎಂದಷ್ಟೇ ಹೇಳಿದರೆ ಸಾಲದು. ಇರುವ ನೆಲಕ್ಕೆ ಅವರು ಬೇಕಾದ ದಿನಗಳನ್ನೇ ಅದು ಆರಿಸಿ ಆರಿಸಿ ತೆಗೆದುಕೊಂಡಿತು. ಒಂದೇ ಸಲಕ್ಕೆ ಪೂರ್ತಿ ಮುಳುಗಿ ಇನ್ನೆಂದೂ ಕಾಣದೆ ಹೋಗಿದ್ದರೆ ಅಪ್ಪ ಒಂದು ವರ್ಷ ಅತ್ತು ಎದ್ದು ನಿಲ್ಲುತ್ತಿದ್ದರೋ ಏನೋ. ಅದು ಪ್ರತಿ ಬೇಸಿಗೆ ಮೇಲೆದ್ದು ಬಂದು ಕರೆಯುತ್ತಿತ್ತು.

ನಿನ್ನ ಪರೀಕ್ಷೆಯೂ ಮೇ ತಿಂಗಳಿನಲ್ಲೇ ಬರುತ್ತದೆ.

2023ರಲ್ಲಿ ನೀನು ಸಂದರ್ಶನದ ವರೆಗೆ ಹೋದೆ. ಇಡೀ ದೇಶದಲ್ಲಿ ಸುಮಾರು ಒಂದು ಸಾವಿರ ಹುದ್ದೆಗೆ ಲಕ್ಷ ಲಕ್ಷ ಜನ ಬರೆಯುವ ಪರೀಕ್ಷೆಯಲ್ಲಿ ದೆಹಲಿಗೆ ಹೋಗಿ ಮಂಡಳಿಯ ಎದುರು ಕುಳಿತು ಬಂದೆ. ಅಂತಿಮ ಪಟ್ಟಿಯಲ್ಲಿ ಹೆಸರು ಇರಲಿಲ್ಲ. ಅಲ್ಲಿಯ ತನಕ ಹೋದವರೂ ಮರುವರ್ಷ ಮತ್ತೆ ಪ್ರಿಲಿಮ್ಸ್‌ನಿಂದಲೇ ಶುರು ಮಾಡಬೇಕು ಎಂದು ನೀನು ಹೇಳಿದಾಗ ನನಗೆ ನಂಬಲಾಗಲಿಲ್ಲ. ಆ ಸಂದರ್ಶನವೇ ನಿನ್ನ ಬಾವಿಯ ಕಟ್ಟೆ. ಕಂಡಿದೆ, ಕೈ ಮುಟ್ಟಿದೆ, ಇದ್ದದ್ದು ನಿಜ. ಅದಕ್ಕೇ ಬಿಡಲಾಗುತ್ತಿಲ್ಲ. ಪ್ರಿಲಿಮ್ಸ್‌ನಲ್ಲೇ ಆರು ಸಲವೂ ನಿಂತುಹೋಗಿದ್ದರೆ ನೀನು ಎಂದೋ ಬಿಟ್ಟಿರುತ್ತಿದ್ದೆ.

ಸಾಮಾನ್ಯ ವರ್ಗದವರಿಗೆ ಆರನೆಯ ಸಲಕ್ಕೆ ಆಯೋಗವೇ ಬಾಗಿಲು ಹಾಕುತ್ತದೆ. ಹಿಂದುಳಿದ ವರ್ಗದ ನಮಗೆ ಒಂಬತ್ತು ಸಲ, 35 ವರ್ಷದ ವರೆಗೆ. ನಿನಗೆ ಇನ್ನೂ ಮೂರು ಉಳಿದಿವೆ. ತಲೆತಲಾಂತರದಿಂದ ಹಿಂದೆ ಉಳಿದವರಿಗೆಂದು ಕೊಟ್ಟ ಆ ಅವಕಾಶವನ್ನು ನಾನು ಹಗುರ ಮಾಡುತ್ತಿಲ್ಲ, ಅದು ಬೇಕು. ಆದರೆ ಉಳಿದಿದೆ ಎಂಬ ಒಂದೇ ಕಾರಣಕ್ಕೆ ಬರೆಯುವುದು ಬೇರೆ, ಬರೆಯುವ ಮನಸ್ಸಿನಿಂದ ಬರೆಯುವುದು ಬೇರೆ. ಕಳೆದ ದೀಪಾವಳಿಗೆ ಬಂದಾಗ ನೀನು ಪತ್ರಿಕೆ ಓದುವ ರೀತಿಯನ್ನು ಗಮನಿಸಿದೆ. ಮೊದಲು ನೀನು ಪತ್ರಿಕೆ ಓದುತ್ತಿದ್ದರೆ ನಡುನಡುವೆ ಸಿಟ್ಟಿಗೇಳುತ್ತಿದ್ದೆ, ನಗುತ್ತಿದ್ದೆ, ಅಡುಗೆಮನೆಗೆ ಓಡಿಬಂದು “ಅತ್ತೆ, ಕೇಳಿ ಇದನ್ನು” ಎನ್ನುತ್ತಿದ್ದೆ. ಈ ಸಲ ಗೆರೆ ಎಳೆದೆ, ಕತ್ತರಿಸಿ ಕಡತಕ್ಕೆ ಹಾಕಿದೆ, ಅಷ್ಟೇ. ನೀನು ಓದುತ್ತಿದ್ದದ್ದು ಲೋಕದ ಸುದ್ದಿಯನ್ನೋ ಜಲಾಶಯದ ಮಟ್ಟವನ್ನೋ ಎಂದು ನನಗೆ ಅಂದೇ ಅನ್ನಿಸಿತ್ತು. ಅಂದೇ ಹೇಳಬೇಕಿತ್ತು.

“ಆರು ವರ್ಷ ಹಾಕಿದ್ದೇನೆ ಅತ್ತೆ, ಈಗ ಬಿಟ್ಟರೆ ಅಷ್ಟೂ ನೀರುಪಾಲು” ಎಂದೆಯಲ್ಲ, ಆ ಮಾತನ್ನು ಬಹಳ ಯೋಚಿಸಿದೆ. ಅಪ್ಪನೂ ಇದನ್ನೇ ಹೇಳುತ್ತಿದ್ದರು. ಇಷ್ಟು ವರ್ಷ ದಾರಂದವನ್ನು ಕಾಪಾಡಿದ್ದೇನೆ, ಈಗ ಸಣ್ಣ ಬಾಗಿಲು ಇಟ್ಟರೆ ಕಾಪಾಡಿದ್ದು ವ್ಯರ್ಥವಲ್ಲವೇ ಎಂದು. ಒಂಬತ್ತನೆಯ ವರ್ಷ ಕೊಟ್ಟಿಗೆ ಗುಡಿಸುವಾಗ ಕಸಬರಿಗೆ ತಾಗಿ ದಾರಂದದಿಂದ ಮಣ್ಣು ಉದುರಿತು. ಅಪ್ಪ ಬಂದು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಒಳಗೆ ಹೋಯಿತು. ಗೆದ್ದಲು ಎಂದಿನಿಂದ ತಿನ್ನುತ್ತಿತ್ತೋ, ಮೇಲೆ ಗಿಳಿಗಳು ಹಾಗೆಯೇ ಇದ್ದವು. ಅಂದು ಅವರು ಸಂಜೆಯ ತನಕ ಅಲ್ಲೇ ಕುಳಿತಿದ್ದರು. ಮರುವರ್ಷ ಎರಡು ಕೋಣೆಯ ಮಣ್ಣಿನ ಮನೆ ಎದ್ದಿತು. ಸಂತೆಯಿಂದ ತಂದ ಬಾಗಿಲು ಗಿಡ್ಡವಾಗಿತ್ತು, ಅಪ್ಪ ಕೊನೆಯ ತನಕ ತಲೆ ಬಗ್ಗಿಸಿಯೇ ಒಳಗೆ ಬಂದರು. ನಿನ್ನ ಅಪ್ಪನಿಗೆ ಆಗ ಎಂಟು ವರ್ಷ. ಮೊದಲ ಮಳೆಯ ರಾತ್ರಿ ಅವನು ಹಾಸಿಗೆಯ ಮೇಲೆ ಎದ್ದು ಕುಳಿತು, “ಅಕ್ಕಾ, ಮಳೆ ಹೊರಗೆ ಮಾತ್ರ ಬರುತ್ತಿದೆ” ಎಂದ.

ನಿನ್ನ ಬಾಗಿಲಿಗೆ ಗೆದ್ದಲು ಹಿಡಿಯುವ ತನಕ ನೀನು ಕಾಯುವುದು ಬೇಡ. ಗಿಳಿಗಳು ಇನ್ನೂ ಚೆನ್ನಾಗಿರುವಾಗಲೇ ಹೇಳುತ್ತಿದ್ದೇನೆ.

ಅಮ್ಮನ ಬಗ್ಗೆ ಬರೆಯದಿದ್ದರೆ ಈ ಕಥೆಗೆ ನ್ಯಾಯವಾಗುವುದಿಲ್ಲ. ಅವಳು ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು ಏಳೆಂಟು ಹಲಸಿನ ಬೀಜ. ಲಾರಿ ಇಳಿದ ಮರುವಾರವೇ ಅವನ್ನು ಊರಿದಳು. ಒಮ್ಮೆಯೂ ಹಿನ್ನೀರಿಗೆ ಹೋಗಲಿಲ್ಲ. ಅಪ್ಪ ಕರೆದರೂ ಹೋಗಲಿಲ್ಲ. ಅವಳಿಗೆ ಊರಿನ ಮೇಲೆ ಪ್ರೀತಿಯೇ ಇಲ್ಲವೆಂದು ಚಿಕ್ಕಂದಿನಲ್ಲಿ ನಾನು ತಿಳಿದಿದ್ದೆ, ಆ ತಪ್ಪಿಗೆ ಇಂದೂ ಸಂಕಟವಾಗುತ್ತದೆ. ಏಕೆಂದರೆ ಹೊಸ ಊರಿನ ಪ್ರತಿ ಹಸುವಿಗೂ ಅವಳು ಹಳೆಯ ಹಟ್ಟಿಯ ಹಸುಗಳ ಹೆಸರನ್ನೇ ಇಡುತ್ತಿದ್ದಳು. ನೆಟ್ಟಿಯ ಹಾಡು ಹೇಳುವಾಗ ಮುಳುಗಿದ ಊರಿನ ದೇವರನ್ನೇ ಮೊದಲು ಕರೆಯುತ್ತಿದ್ದಳು. ಅವಳು ಏನನ್ನೂ ಮರೆತಿರಲಿಲ್ಲ. ಮಕ್ಕಳು ಮುಂದಿನ ವರ್ಷ ಏನು ತಿನ್ನಬೇಕು ಎಂಬುದನ್ನು ಅದರ ಜೊತೆಗೇ ನೆನಪಿಟ್ಟಿದ್ದಳು. ಆ ಹಲಸು ಎಷ್ಟನೆಯ ವರ್ಷ ಕಾಯಿ ಬಿಟ್ಟಿತೋ ಲೆಕ್ಕವಿಲ್ಲ. ಕಾಯಿ ಬಿಟ್ಟಿತು ಎಂದು ಬರೆಯುವಾಗ ಅನ್ನಿಸುತ್ತದೆ, ನಮ್ಮ ಭಾಷೆಯಲ್ಲಿ ಬೇರು ಬಿಡುವುದಕ್ಕೂ ಹೂವು ಬಿಡುವುದಕ್ಕೂ ಕೈ ಬಿಡುವುದಕ್ಕೂ ಇರುವುದು ಒಂದೇ ಪದ. ಎಷ್ಟು ವರ್ಷ ಮಕ್ಕಳಿಗೆ ಕನ್ನಡ ಹೇಳಿಕೊಟ್ಟೆ, ಇದು ಕಣ್ಣಿಗೆ ಬಿದ್ದದ್ದು ಈಗ.

ಅಪ್ಪ ತಂದಿಟ್ಟಿದ್ದ ಹಂಚಿನ ಚೂರುಗಳನ್ನು ಅಮ್ಮ ಬಿಸಾಡಲಿಲ್ಲ. ಬಚ್ಚಲಿನ ಹಂಡೆ ಅಲುಗದಂತೆ ಅದರ ಕೆಳಗೆ ಕೊಟ್ಟಳು.

ಬಿಡುವುದು ಸುಲಭವೆಂದು ಹೇಳಲು ನನಗೆ ಬಾಯಿಲ್ಲ. 2013ರಲ್ಲಿ ನಿವೃತ್ತಳಾದ ಮೇಲೂ ನಾನು ಏಳೆಂಟು ತಿಂಗಳು ದಿನವೂ ಶಾಲೆಗೆ ಹೋಗಿ ಕೂರುತ್ತಿದ್ದೆ. ಸಹಾಯ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ನನ್ನ ಜಾಗಕ್ಕೆ ಬಂದ ಹುಡುಗಿ ಪಾಠ ಮಾಡುತ್ತಿರುವಾಗ ಒಂದು ದಿನ ಮೂರನೆಯ ತರಗತಿಯ ಮಗುವೊಂದು ಎದ್ದು, ಅವಳನ್ನು ದಾಟಿ ನನ್ನ ಹತ್ತಿರ ಬಂದು, “ಟೀಚರ್, ನೀರು ಕುಡಿದು ಬರಲೇ?” ಎಂದು ಕೇಳಿತು. ಆ ಹುಡುಗಿಯ ಮುಖ ನೋಡಿದೆ. ಮರುದಿನದಿಂದ ಹೋಗಲಿಲ್ಲ. ಬೆಳಗ್ಗೆ ಹತ್ತು ಗಂಟೆಗೆ ಶಾಲೆಯ ಗಂಟೆ ಮನೆಗೆ ಕೇಳುತ್ತದೆ. ಎರಡು ತಿಂಗಳು ಆ ಹೊತ್ತಿಗೆ ಕೈ ನಡುಗುತ್ತಿತ್ತು. ಹನ್ನೊಂದಕ್ಕೆ ಸರಿಹೋಗುತ್ತಿತ್ತು. ಕೊನೆಗೆ ಹತ್ತು ಗಂಟೆಗೆ ಸರಿಯಾಗಿ ರೊಟ್ಟಿ ತಟ್ಟಲು ಕೂರುವ ರೂಢಿ ಮಾಡಿಕೊಂಡೆ, ಕೈಗೆ ಹಿಟ್ಟು ಅಂಟಿರುವಾಗ ನಡುಕ ಬರುವುದಿಲ್ಲ. ಇದನ್ನು ನಿನಗೆ ಹೇಳುವುದಕ್ಕೆ ಕಾರಣವಿದೆ. ಬಿಟ್ಟದ್ದರ ನೋವು ದಿನವಿಡೀ ಇರುವುದಿಲ್ಲ, ಗೊತ್ತಾದ ಹೊತ್ತಿಗೆ ಬರುತ್ತದೆ. ನಿನಗೆ ಅದು ವರ್ಷದ ಆರಂಭದಲ್ಲಿ ಅಧಿಸೂಚನೆ ಬಂದ ದಿನ ಬರುತ್ತದೆ. ಮೇ ತಿಂಗಳಿನಲ್ಲಿ ಪರೀಕ್ಷೆಯ ಭಾನುವಾರ ಬರುತ್ತದೆ. ಜೊತೆಯವರು ಯಾರಾದರೂ ಆಯ್ಕೆಯಾದ ಸುದ್ದಿ ಕೇಳಿದ ದಿನ ಎಲ್ಲಕ್ಕಿಂತ ಜೋರಾಗಿ ಬರುತ್ತದೆ. ಆ ದಿನಗಳಲ್ಲಿ ಒಬ್ಬಳೇ ಕೋಣೆಯಲ್ಲಿ ಇರಬೇಡ. ಕೈಗೆ ಹಿಟ್ಟು ಅಂಟಿಸಿಕೊಳ್ಳುವ ಕೆಲಸ ಯಾವುದಾದರೂ ಇಟ್ಟುಕೊ.

ಒಂದು ವಿಷಯದಲ್ಲಿ ನನ್ನನ್ನು ತಪ್ಪು ತಿಳಿಯಬೇಡ. ಬಿಡು ಎಂದರೆ ಎಲ್ಲವನ್ನೂ ಬಿಡು ಎಂದು ನಾನು ಹೇಳುತ್ತಿಲ್ಲ. ಭೂಮಿಯ ಕಡತವನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಹಳೆಯ ಊರು ಮತ್ತೆ ಸಿಗುತ್ತದೆ ಎಂಬ ಆಸೆ ಬೇರೆ, ಈ ನೆಲದ ಮೇಲಿನ ಹಕ್ಕು ಬೇರೆ. ಕಳೆದ ದೀಪಾವಳಿಯಲ್ಲೇ ನಡೆದದ್ದು ನೆನಪಿದೆಯೇ? ಅಪ್ಪನ ತಗಡಿನ ಪೆಟ್ಟಿಗೆ ತೆಗೆದು ನೀನು ಜಗಲಿಯಲ್ಲಿ ಕುಳಿತೆ. ನಮ್ಮ ಭೂಮಿ ಯಾಕೆ ಇನ್ನೂ ದಾಖಲೆಯಲ್ಲಿ ಕಾಡು ಎಂದೇ ಇದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯ ಸರ್ಕಾರ ಅದನ್ನು ಬಿಡಿಸಿಕೊಡಲು ಯಾಕೆ ಆಗುವುದಿಲ್ಲ, ಯಾವ ಕಾಗದ ಯಾವ ಕಚೇರಿಯಲ್ಲಿ ಇರಬೇಕು ಎಂದೆಲ್ಲ ಬಿಡಿಸಿ ಹೇಳಿದೆ. ಕೇಳಲು ಶುರುವಿನಲ್ಲಿ ಮೂವರಿದ್ದರು, ನೀನು ಮುಗಿಸುವಾಗ ಅಂಗಳ ತುಂಬಿತ್ತು. ಇಷ್ಟು ವರ್ಷದಲ್ಲಿ ಯಾರೂ ನಮಗೆ ಹಾಗೆ ಹೇಳಿರಲಿಲ್ಲ. ಮುದುಕರೊಬ್ಬರು ಎದ್ದು, “ಮಗಳೇ, ಇನ್ನೊಮ್ಮೆ ಹೇಳು” ಎಂದಾಗ ನೀನು ಬೇಸರವಿಲ್ಲದೆ ಮೊದಲಿನಿಂದ ಹೇಳಿದೆ. ಆಗ ನಿನ್ನ ಮುಖ ಪತ್ರಿಕೆ ಓದುವಾಗಿನ ಹಳೆಯ ಮುಖದಂತೆ ಇತ್ತು. ನೀನು ವಕೀಲಳಾಗು, ಪತ್ರಕರ್ತೆಯಾಗು, ಪಾಠ ಹೇಳು ಎಂದು ನಾನು ಹೇಳುವುದಿಲ್ಲ. ಅದು ನಿನಗೇ ಹೊಳೆಯಬೇಕು. ಆದರೆ ಆರು ವರ್ಷ ನೀರುಪಾಲಾಗಿಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ನನ್ನ ಪಾಲಿನ ತಪ್ಪು. “ನಮ್ಮ ಪುಟ್ಟಿ ಡಿಸಿ ಆಗುತ್ತಾಳೆ” ಎಂದು ಈ ಕೇರಿಯಲ್ಲಿ ಮೊದಲು ಹೇಳಿದವಳು ನಾನೇ. ಪ್ರೀತಿಯಿಂದ ಹೇಳಿದ್ದು ನಿಜ, ಆದರೆ ಅದು ನಿನ್ನ ಬೆನ್ನಿನ ಮೇಲೆ ಕುಳಿತುಬಿಟ್ಟಿತು. ನೀನು ಹಬ್ಬಕ್ಕೆ ಬಂದಾಗ ಮುಖ್ಯ ರಸ್ತೆ ಬಿಟ್ಟು ಹಿಂದಿನ ಓಣಿಯಿಂದ ಮನೆಗೆ ಬರುವುದನ್ನು ನಾನು ಕಂಡಿಲ್ಲವೆಂದುಕೊಂಡೆಯಾ? ಕಳೆದ ವಾರ ನಾನೇ ಹೋಗಿ ಹೇಳಿ ಬಂದೆ. ಎದುರು ಮನೆ, ಅಂಗಡಿ, ಡೇರಿ, ಎಲ್ಲ ಕಡೆ. “ನಮ್ಮ ಹುಡುಗಿ ಆ ಪರೀಕ್ಷೆ ಇನ್ನು ಬರೆಯಲೇಬೇಕು ಎಂದೇನಿಲ್ಲ, ನೀವು ಯಾರೂ ಅವಳನ್ನು ಕೇಳಬೇಡಿ” ಎಂದೆ. ಡೇರಿಯವನು, “ಟೀಚರ್, ನಾವೇನೂ ಕೇಳುವುದಿಲ್ಲ, ಆ ದೀಪಾವಳಿಯ ಕಾಗದದ ವಿಷಯ ಮಾತ್ರ ಒಂದು ಸಲ ಕೇಳಬೇಕಿತ್ತು” ಎಂದ. ನಿನ್ನನ್ನು ಕೇಳದೆ ಹೇಳಿಬಂದದ್ದಕ್ಕೆ ಸಿಟ್ಟು ಬಂದರೆ ಬರಲಿ, ಸಹಿಸುತ್ತೇನೆ. ಒಂದು ವೇಳೆ ಇಷ್ಟೆಲ್ಲ ಓದಿದ ಮೇಲೂ ನಿನಗೆ ಬರೆಯುವ ಮನಸ್ಸಿದ್ದರೆ ನಾನು ಅಡ್ಡ ಬರುವುದಿಲ್ಲ. ಆದರೆ ಅದು ನಿನ್ನ ಮನಸ್ಸೇ ಆಗಿರಲಿ, ನನ್ನ ಹಳೆಯ ಮಾತು ಆಗಿರಬಾರದು.

ಕಳೆದ ತಿಂಗಳು 14ರಂದು ಹಿನ್ನೀರಿನ ಸೇತುವೆ ತೆರೆಯಿತಲ್ಲ, ಕಳಸವಳ್ಳಿಗೆ ಹೋಗುವುದು. ಸಿಗಂದೂರಿಗೆ ಹೋಗುವಾಗ ಅದರ ಮೇಲೆ ಹೋದೆ. ಲಾಂಚಿಗೆ ಕಾಯುತ್ತ ಬಿಸಿಲಿನಲ್ಲಿ ಕುಳಿತ ಎಷ್ಟು ವರ್ಷ, ಈಗ ಕೆಲವೇ ನಿಮಿಷ. ಹೊಳೆ ದಡ ಮುಟ್ಟಿ ನಿಂತಿತ್ತು. ಕಿಟಕಿಯಿಂದ ಬಗ್ಗಿ ನೋಡುತ್ತಿದ್ದೆ. ಏನು ನೋಡುತ್ತಿದ್ದೇನೆ ಎಂದು ಸ್ವಲ್ಪ ಹೊತ್ತಿನ ಮೇಲೆ ನನಗೇ ತಿಳಿಯಿತು. ತುಂಬಿದ ನೀರಿನಲ್ಲಿ ಬಾವಿಯ ಕಟ್ಟೆ ಹುಡುಕುತ್ತಿದ್ದೆ, ಅದೂ ನಮ್ಮ ಊರು ಆ ದಿಕ್ಕಿನಲ್ಲಿ ಇಲ್ಲದಿದ್ದರೂ. ಕಣ್ಣು ಒರೆಸಿಕೊಂಡೆ. ಅಮ್ಮನಿಗೆಂದು ದೇವಿಗೆ ಒಂದು ಹಣ್ಣುಕಾಯಿ ಹೆಚ್ಚಾಗಿ ಕೊಟ್ಟು ಬಂದೆ.

ಈ ತಿಂಗಳು 26ಕ್ಕೆ ಗೌರಿ ಹಬ್ಬ. ನಿನಗೆ ಬಾಗಿನ ತೆಗೆದಿಟ್ಟಿದ್ದೇನೆ, ಹಸಿರು ಬಳೆಯ ಅಳತೆ ಹಳೆಯದೇ ಇರಬೇಕು, ಬದಲಾಗಿದ್ದರೆ ತಿಳಿಸು. ಬೆಂಗಳೂರಿನ ವಿಜಯನಗರದ ಆ ಕೋಣೆಯ ಬಾಡಿಗೆ ಈ ತಿಂಗಳಿಗೆ ಕೊಟ್ಟಿದ್ದರೆ ಕೊಟ್ಟಾಯಿತು, ತಿಂಗಳು ತುಂಬಲಿ ಎಂದು ಕಾಯಬೇಡ. ಪುಸ್ತಕಗಳನ್ನು ತೂಕಕ್ಕೆ ಹಾಕಬೇಡ, ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ತಾ. ಎದುರು ಮನೆಯ ಹುಡುಗಿ ಪಿಯುಸಿಗೆ ಇತಿಹಾಸ ತೆಗೆದುಕೊಂಡಿದ್ದಾಳೆ. ನಿನ್ನ ಅಪ್ಪ ಬಸ್ ನಿಲ್ದಾಣಕ್ಕೆ ಬರುತ್ತಾನೆ, ಮಂಡಿ ನೋವು ಎಂದು ನೀನು ಬೇಡವೆಂದರೂ ಬರುತ್ತಾನೆ. ಬಸ್ ಹತ್ತಿದ ಮೇಲೆ ಫೋನ್ ಮಾಡು.

ಆಶೀರ್ವಾದಗಳೊಂದಿಗೆ,
ನಿನ್ನ ಅತ್ತೆ